ಗೂಟವೂ ಹಳಿಯೂ

ಯೇವಲಾ ಎಂದೊಡನೆ ನಮ್ಮ ಗೃಹಿಣಿಯರ ಕಣ್ಣ ಮುಂದೆ ಪೈಠಣಿ ಸೀರೆಯ ಸೆರಗು ಸುಳಿಯುವುದು ಸಹಜ. ನಾವಾದರೋ ಈ ಸಲ ಸೀರೆಯನ್ನು ಬಿಟ್ಟು ಆ ಊರಿನ ಮಣ್ಣಿನ ಮಾತು ತೆಗೆಯುವೆವು. ಬೆಂಗಳೂರು ಬಿಟ್ಟ ಕರ್ನಾಟಕ ಎಕ್ಸ್‌ಪ್ರೆಸ್ ಮರುದಿನ ದೌಂಡಿನಿಂದ ಮನ್ಮಾಡಿನತ್ತ ಸಾಗುವಾಗ ಯೇವಲಾದ ಮೇಲೆಯೇ ಹಾಯುತ್ತದೆ. 1878ರಲ್ಲಿ ತೆರೆದ ಹಾದಿ ಅದು. ಕಿಟಕಿಯಾಚೆ ಕಾಣುವುದು ಎರೆ ನೆಲ. ನಮ್ಮ ಧಾರವಾಡ, ವಿಜಯಪುರ, ಕಲಬುರಗಿಗಳ ಎರೆಯ ಒಡಹುಟ್ಟು. ಬೇಸಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರುಕು, ಮಳೆಗಾಲದಲ್ಲಿ ಚಪ್ಪಲಿ ಕಿತ್ತುಕೊಳ್ಳುವ ಅಂಟು. ಹತ್ತಿಗೂ ಈರುಳ್ಳಿಗೂ ಒಲಿಯುವ ಈ ಮಣ್ಣು ರೈಲುಹಳಿಗೆ ಒಲಿಯದು. ಏಕೆ?

ಕೊಟ್ಟಿಗೆಯ ಗೂಟವನ್ನು ನೆನೆಯಿರಿ. ಇಬ್ಬರು ಗಟ್ಟಿಗರು ಜಗ್ಗಿದರೂ ಮಿಸುಕದ ಗೂಟ, ಎತ್ತು ರಾತ್ರಿಯೆಲ್ಲ ಅತ್ತಿತ್ತ ಕತ್ತು ಹೊರಳಿಸಿದರೆ ಬೆಳಗಾಗುವಷ್ಟರಲ್ಲಿ ಸಡಿಲ! ಒಂದೊಂದು ಎಳೆತವೂ ಅಲ್ಪವೇ. ಆದರೆ ಪ್ರತಿ ಎಳೆತಕ್ಕೂ ಗೂಟವನ್ನು ಅಪ್ಪಿಕೊಂಡ ಮಣ್ಣಿನ ಕಣಗಳು ಕೂದಲೆಳೆಯಷ್ಟು ಜರುಗುತ್ತವೆ. ಜರುಗಿದ್ದು ಪೂರ್ತಿ ಹಿಂದಕ್ಕೆ ಬಾರದು. ಸೇರಿನಲ್ಲಿ ಜೋಳ ಕುಲುಕಿದಂತೆ ಅವು ಒತ್ತಾಗಿ ಕುಳಿತು ಗೂಟದ ಮೇಲಿನ ಬಿಗಿ ತಪ್ಪುತ್ತದೆ. ಮರವೂ ಗಟ್ಟಿಯಾಗಿಯೇ ಇದೆ, ಮಾರುದೂರದ ಮಣ್ಣೂ ಗಟ್ಟಿಯಾಗಿಯೇ ಇದೆ. ಕೆಟ್ಟದ್ದು ಅವೆರಡೂ ತಾಗುವ ಮೈ. ಸೇತುವೆಗೆ ಕಂಬ ಹೂಳುವ ಇಂಜಿನಿಯರರಿಗೂ ಇದೇ ಚಿಂತೆ.

ಹಳಿಯ ಕೆಳಗೆ ಎತ್ತಿನ ಬದಲು ಗಾಲಿ. 20 ಡಬ್ಬಿಯ ಗಾಡಿಗೆ ಡಬ್ಬಿಗೆ 4ರಂತೆ 80 ಅಚ್ಚು, ಎಂಜಿನ್ನಿಗೆ 6. ಅಂತೂ ಒಂದು ಗಾಡಿ ದಾಟುವಷ್ಟರಲ್ಲಿ ಪ್ರತಿಯೊಂದು ಅಡ್ಡದಿಮ್ಮಿಯೂ 86 ಬಾರಿ ಒತ್ತಿಸಿಕೊಳ್ಳುತ್ತದೆ. ಎಂಜಿನ್ನಿನ ಅಚ್ಚೊಂದರ ಭಾರವೇ ಸುಮಾರು 20 ಟನ್. ದಿಮ್ಮಿಯ ಕೆಳಗೆ ಜಲ್ಲಿ, ಜಲ್ಲಿಯ ಕೆಳಗೆ ಮಣ್ಣು. ಒಣಗಿದ ಎರೆ ಕಲ್ಲಿನಂತಿದ್ದು ಇದನ್ನೆಲ್ಲ ತಾಳುತ್ತದೆ. ಮಳೆ ಬಂತೆನ್ನಿ. ನೀರು ಜಲ್ಲಿಯ ಸಂದಿನಲ್ಲಿ ಸರಸರನೆ ಇಳಿದು ಎರೆಯ ಮೈಮೇಲೆ ನಿಂತುಬಿಡುತ್ತದೆ, ಏಕೆಂದರೆ ಎರೆ ನೀರನ್ನು ಬೇಗ ಕೆಳಗೆ ಬಿಡದು. ಗಾಲಿ ಒತ್ತಿದಾಗ ಆ ನೀರಿಗೆ ಓಡಲು ಹೊತ್ತಿಲ್ಲ. ಕಲ್ಲಿನ ಮೂಲೆಗಳು ನೆನೆದ ಮೈಯನ್ನು ಕಡೆದು ಹಿಟ್ಟಿನಂತೆ ಕಲಸುತ್ತವೆ. ಒತ್ತಡಕ್ಕೆ ಆ ಗೊಜ್ಜು ಮೇಲಕ್ಕೆ ಚಿಮ್ಮುತ್ತದೆ. ಕೆಸರು ಸವರಿದ ಜಲ್ಲಿಗೆ ಒಂದನ್ನೊಂದು ಕಚ್ಚಿ ಹಿಡಿಯುವ ಶಕ್ತಿಯಿಲ್ಲ. ಹಳಿ ತಗ್ಗುತ್ತದೆ.

ತಗ್ಗಿದಲ್ಲಿ ಇನ್ನಷ್ಟು ಜಲ್ಲಿ ಸುರಿದರಾಯಿತಲ್ಲವೇ ಎಂದರೆ, ಅಲ್ಲಿಯೇ ಎಡವುವುದು. ಹೊಸ ಜಲ್ಲಿಯೂ ಎರೆಯೊಳಗೆ ಹೂತು, ಅಡಿಯಲ್ಲಿ ಬೋಗುಣಿಯಂಥ ಹಳ್ಳವಾಗಿ, ನೀರು ತಿಂಗಳುಗಟ್ಟಲೆ ಅಲ್ಲಿಯೇ ತಂಗುತ್ತದೆ. ರೋಗಕ್ಕೆ ಊಟ ಬಡಿಸಿದಂತೆ! ಮೊದಲು ನೀರಿಗೆ ಪಕ್ಕಕ್ಕೆ ಹರಿವ ದಾರಿ ಬೇಕು. ಆಮೇಲೆ ಕಲ್ಲಿಗೂ ಎರೆಗೂ ನಡುವೆ ಮರಳು, ಗರಸುಗಳನ್ನು ಹದವಾಗಿ ಬೆರೆಸಿದ ಪದರ ಬೇಕು. ರೈಲ್ವೆಯವರು ಇದನ್ನು ಕಂಬಳಿ ಎಂಬರ್ಥದ ಹೆಸರಿನಿಂದಲೇ ಕರೆಯುತ್ತಾರೆ. ಕಣ್ಣಿಗೆ ಕಾಣದ ಈ ಕಂಬಳಿಗೆ ಹಣ ಬಿಚ್ಚುವುದು ಯಾರಿಗೂ ಸುಲಭವಲ್ಲ.

ಎರೆಗೆ ಇನ್ನೊಂದು ನಿಧಾನದ ಗಾಲಿಯೂ ಉಂಟು: ವರ್ಷಕ್ಕೊಮ್ಮೆ ಊದಿ, ವರ್ಷಕ್ಕೊಮ್ಮೆ ಕುಗ್ಗುವುದು. ಇದರೊಡನೆ ಸೆಣಸಿದವರು ಮುಂಬಯಿ ಐ.ಐ.ಟಿ.ಯ ಪ್ರಾಧ್ಯಾಪಕ ಆರ್. ಕೆ. ಕಟ್ಟಿಯವರು. ಊದದ, ಆದರೆ ಅಂಟುಗುಣವುಳ್ಳ ಮಣ್ಣನ್ನು ಸುಮಾರು ಒಂದು ಮೀಟರ್ ದಪ್ಪ ಹಾಸಿದರೆ ಅಡಿಯ ಎರೆ ತಣ್ಣಗಿರುತ್ತದೆಂದು ತೋರಿಸಿದರು. ನಮ್ಮ ಮಲಪ್ರಭಾ ಕಾಲುವೆಗಳಲ್ಲಿ ಈ ಉಪಾಯ ಬಳಕೆಗೆ ಬಂತು. 1978ರಲ್ಲಿ ಇಂಡಿಯನ್ ಜಿಯೋಟೆಕ್ನಿಕಲ್ ಸೊಸೈಟಿಯ ಮೊದಲನೆಯ ವಾರ್ಷಿಕ ಉಪನ್ಯಾಸಕ್ಕೆ ಅವರು ಆರಿಸಿಕೊಂಡದ್ದೂ ಈ ಎರೆಯನ್ನೇ.

ಮಳೆಗಾಲದಲ್ಲಿ ಗಾಡಿ ನಿಧಾನಿಸಿದರೆ ನಾವು ಗೊಣಗುತ್ತೇವೆ. ಕೆಳಗೆ ಗ್ಯಾಂಗಿನ ಆಳುಗಳು ತೊಯ್ಯುತ್ತ ದಿಮ್ಮಿಯಡಿ ಜಲ್ಲಿ ಗಿಡಿಯುತ್ತಿರುತ್ತಾರೆ. ಮುಂದಿನ ಶ್ರಾವಣದಲ್ಲಿ ಊರಿಗೆ ಹೋಗುವಾಗ ಪಕ್ಕದ ಹಳಿಯನ್ನು ನೋಡಿರಿ. ಬೂದು ಜಲ್ಲಿಯ ನಡುವೆ ಎರಡು ಮೂರು ದಿಮ್ಮಿಗಳ ಸುತ್ತ ಮಾತ್ರ ಕೆಸರು ಮೆತ್ತಿದ್ದರೆ, ಅಲ್ಲಿ ಎರೆ ಮೇಲಕ್ಕೆ ಬಂದಿರಬಹುದು. ಮಕ್ಕಳು ಏನೆಂದು ಕೇಳಿದರೆ ಗೂಟದಿಂದ ಆರಂಭಿಸಿರಿ. ಕೊಟ್ಟಿಗೆಯನ್ನೇ ಕಾಣದ ನಮ್ಮ ಮಕ್ಕಳಿಗೆ ಮೊದಲು ಎತ್ತಿನ ಪರಿಚಯ ಮಾಡಿಸಬೇಕಾದೀತು.