130 ಪೌಂಡು ಹೆಚ್ಚಾದ ವಿಮಾನ

ಹೋದ ತಿಂಗಳು ನನಗೆ ಕಾರಿನ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿತು. ಇಲ್ಲಿ ಅಮೆರಿಕದಲ್ಲಿ ಇದೇ ಕಾರ್ಡು ಎಷ್ಟೋ ಹಳೆಯ ಸಣ್ಣ ವಿಮಾನಗಳನ್ನು ಆಕಾಶದಲ್ಲಿ ಉಳಿಸಿದೆ ಅಂದರೆ ನಂಬುತ್ತೀರಾ?

ಸಾಮಾನ್ಯವಾಗಿ ಪೈಲಟ್‌ಗಳು ವೈದ್ಯಕೀಯ ಪರೀಕ್ಷೆಯಲ್ಲಿ ಪಾಸಾಗಬೇಕು. 2004ರಲ್ಲಿ ವಿಮಾನಯಾನ ಇಲಾಖೆ ಎಫ್‌ಎಎ ಇನ್ನೊಂದು ದಾರಿ ತೆರೆಯಿತು. ವಿಮಾನವು 'ಲೈಟ್ ಸ್ಪೋರ್ಟ್' ಅಳತೆಯೊಳಗಿದ್ದರೆ ವೈದ್ಯಕೀಯ ಸರ್ಟಿಫಿಕೇಟ್ ಬದಲು ಡ್ರೈವಿಂಗ್ ಲೈಸೆನ್ಸ್ ಸಾಕು. ಹೆಚ್ಚೆಂದರೆ ಎರಡು ಸೀಟು, ಒಂದೇ ಎಂಜಿನ್. ಜನ, ಪೆಟ್ರೋಲು ಎಲ್ಲ ಸೇರಿ ನೆಲ ಬಿಡುವಾಗ ಗರಿಷ್ಠ ತೂಕ 1320 ಪೌಂಡು, ಅಂದರೆ ಸುಮಾರು 600 ಕಿಲೋ. ವಯಸ್ಸಾದ ಪೈಲಟ್‌ಗಳು ಹಳೆಯ ವಿಮಾನಗಳತ್ತ ನೋಡಿದರು. ಪೈಪರ್ ಕಬ್, 1220 ಪೌಂಡು: ಪಾಸ್. 1940ರ ದಶಕದ್ದೇ ಆದ ಎರಡು ಸೀಟಿನ ಸೆಸ್ನಾ 140, 1450 ಪೌಂಡು: ಫೇಲ್! ಹೆಚ್ಚಾದ ಆ 130 ಪೌಂಡು ಹೆಚ್ಚುಕಡಿಮೆ ನನ್ನ ತೂಕ.

ನನಗೆ ತುಂಬಾ ಬೇಜಾರಾದದ್ದು ಎರ್ಕೂಪ್ ಕಥೆ. ಮೂಲ ವಿನ್ಯಾಸದಲ್ಲಿ ರಡ್ಡರ್‌ಗೆ ಪೆಡಲ್ಲೇ ಇಲ್ಲದ, ಕಾರಿನ ಹಾಗೆ ಸ್ಟೀರಿಂಗ್ ಹಿಡಿದು ತಿರುಗಿಸುವ ವಿಮಾನ ಅದು. 1260 ಪೌಂಡಿನ 415-ಸಿ ಮಾದರಿಯ ಕೆಲವನ್ನು ಹಿಂದಿನ ಮಾಲೀಕರು ಯಾವತ್ತೋ 1400 ಪೌಂಡಿಗೆ ಏರಿಸಿಕೊಂಡಿದ್ದರು. ನಿಯಮದ ಪ್ರಕಾರ ವಿಮಾನ ಹುಟ್ಟಿದಾಗಿನಿಂದಲೂ ಮಿತಿಯೊಳಗೇ ಇರಬೇಕು. ಹಾಗಾಗಿ ಈಗಿನ ಮಾಲೀಕ ಮತ್ತೆ ಇಳಿಸುತ್ತೇನೆ ಅಂದರೂ ನಡೆಯುತ್ತಿರಲಿಲ್ಲ. ಅಕ್ಕಪಕ್ಕ ನಿಂತ ಎರಡು ಎರ್ಕೂಪ್‌ಗಳಲ್ಲಿ ಒಂದು ಹಾರಬಹುದು, ಇನ್ನೊಂದಕ್ಕೆ ಬೇರೆ ಪೈಲಟ್ ಬೇಕು. ತಪ್ಪು ವಿಮಾನದ್ದಲ್ಲ, ಫೈಲಿನದ್ದು.

2025ರ ಜುಲೈನಲ್ಲಿ ಹೊಸ ನಿಯಮ ಪ್ರಕಟವಾಯಿತು, ಹೆಸರು ಮೊಸಾಯಿಕ್. ಅಕ್ಟೋಬರ್ 22ರಿಂದ ಸ್ಪೋರ್ಟ್ ಪೈಲಟ್‌ಗಳಿಗೆ ತೂಕದ ಲೆಕ್ಕವೇ ಇಲ್ಲ. ರೆಕ್ಕೆಗಳು ವಿಮಾನವನ್ನು ಎತ್ತಿ ಹಿಡಿಯಬಲ್ಲ ಕನಿಷ್ಠ ವೇಗ 59 ನಾಟ್, ಅಂದರೆ ಗಂಟೆಗೆ ಸುಮಾರು 109 ಕಿ.ಮೀ. ಮೀರಬಾರದು. ಇದೇ ಸರಿ ಅನ್ನಿಸುತ್ತದೆ ನನಗೆ. ನಿಧಾನವಾಗಿ ಇಳಿಯಬಲ್ಲ ವಿಮಾನದಲ್ಲಿ ಅಪಾಯ ಕಡಿಮೆ. ಸೆಸ್ನಾ 140 ಒಳಗೆ ಬಂತು, 1400 ಪೌಂಡಿನ ಎರ್ಕೂಪ್ ಕೂಡ. ನಾಲ್ಕು ಸೀಟಿನ ಸೆಸ್ನಾ 172 ಕೂಡ ಸೇರಿದೆ, ಆದರೆ ಒಬ್ಬರನ್ನು ಮಾತ್ರ ಜೊತೆಗೆ ಕೂರಿಸಿಕೊಳ್ಳಬಹುದು.

ಒಂದು ಮಾತ್ರ ಹಾಗೇ ಉಳಿದಿದೆ. ವೈದ್ಯಕೀಯ ಸರ್ಟಿಫಿಕೇಟ್‌ಗೆ ಅರ್ಜಿ ಹಾಕಿ, ಅದು ತಿರಸ್ಕಾರವಾದರೆ ಡ್ರೈವಿಂಗ್ ಲೈಸೆನ್ಸಿನ ದಾರಿಯೂ ಮುಚ್ಚುತ್ತದೆ. ಅರ್ಜಿಯನ್ನೇ ಹಾಕದವರಿಗೆ ಆ ತೊಂದರೆ ಇಲ್ಲ. ನಮ್ಮೂರಿನ ಸಣ್ಣ ಏರ್‌ಪೋರ್ಟಿನಲ್ಲಿ ಸೆಸ್ನಾ 140 ಇಟ್ಟುಕೊಂಡಿರುವ ಒಬ್ಬ ಹಿರಿಯರು ಪ್ರಾಮಾಣಿಕವಾಗಿ ಅರ್ಜಿ ಹಾಕಿದ್ದರು, ಆಗಲಿಲ್ಲ. ವಾರಕ್ಕೊಮ್ಮೆ ಬಂದು ಅದರ ಧೂಳು ಒರೆಸುತ್ತಾರೆ. ಬರುವುದು ತಾವೇ ಕಾರು ಓಡಿಸಿಕೊಂಡು.