ಕಡಲಿನ ಬಿಸಿ ಸುಳಿ, ಆವರಗೆರೆಯ ಬಿತ್ತನೆ

ಜೂನ್ ಬಂತಂದ್ರೆ ಆವರಗೆರೆ ಕಡೆ ಹೊಲ ಇರೋರದ್ದು ಒಂದೇ ಪ್ರಶ್ನೆ: "ಮಳೆ ಯಾವಾಗ್ ಬರ್ತದ್ರಿ?" ಇಂಜಿನಿಯರಿಂಗ್ ಓದೋ ನಾವು ಮೊಬೈಲ್ ತೆಗೆದು ಮೋಡದ ಚಿತ್ರ ತೋರಿಸ್ತೀವಿ. ಆ ಮೋಡಕ್ಕೆ ನೀರು ಕೊಡೋ ಅರಬ್ಬಿ ಸಮುದ್ರದ ಕಡೆ ಮಾತ್ರ ನೋಡೋದಿಲ್ಲ. ಬಯಲುಸೀಮೆಯವರಾದ ನಾವೂ ಕಡಲನ್ನು ಓದಬೇಕು ಅನ್ನೋದು ನಮ್ಮ ಅಭಿಪ್ರಾಯ.

ಸಮುದ್ರದಲ್ಲೂ ಸುಳಿಗಳಿವೆ. ಹರಿಹರದ ಹೊಳೆಯ ಸುಳಿಯಷ್ಟು ಚಿಕ್ಕವಲ್ಲ. ಕೆಲವು ಇಲ್ಲಿಂದ ಹುಬ್ಬಳ್ಳಿವರೆಗಿನಷ್ಟು ಅಗಲ, ತಿಂಗಳುಗಟ್ಟಲೆ ಉಳಿಯುತ್ತವೆ. ನಮ್ಮ ಉತ್ತರಾರ್ಧಗೋಳದಲ್ಲಿ ಗಡಿಯಾರದ ಮುಳ್ಳಿನಂತೆ ತಿರುಗುವ ಸುಳಿ ಬೆಚ್ಚಗಿನ ನೀರನ್ನು ನಡುವಿಗೆ ಸೇರಿಸಿ ಆಳಕ್ಕೆ ತಳ್ಳುತ್ತದೆ. ಅದರ ಮೇಲಿನ ಗಾಳಿ ಬಿಸಿಯಾಗುತ್ತೆ, ತೇವ ಹೀರುತ್ತೆ, ಮೇಲೇರುತ್ತೆ. ಎತ್ತರದ ವೇಗದ ಗಾಳಿ ಕೆಳಗಿಳಿದು ಬೆರೆಯೋದ್ರಿಂದ ನೀರಿನ ಮೇಲೂ ಗಾಳಿ ಚುರುಕಾಗುತ್ತೆ, ಮೋಡ ಹೆಚ್ಚುತ್ತೆ.

ಇಲ್ಲಿ ಮೇಲ್ಮೈ ಬಿಸಿಯಷ್ಟೇ ಬಿಸಿಯ ಆಳವೂ ಮುಖ್ಯ. ತೆಳು ಹಂಚಿಗೆ ನೀರು ಚಿಮುಕಿಸಿದರೆ ತಣ್ಣಗಾಗುತ್ತೆ. ನಮ್ಮೂರ ಬೆಣ್ಣೆದೋಸೆ ಹೋಟೆಲಿನ ದಪ್ಪ ಹಂಚು ಅಷ್ಟು ಸುಲಭಕ್ಕೆ ಕಾವು ಬಿಡಲ್ಲ. ಚಂಡಮಾರುತ ಕಡಲನ್ನು ಕಡೆದು ಅಡಿಯ ತಣ್ಣೀರನ್ನು ಮೇಲೆ ತಂದು, ಅದರಿಂದ ತಾನೇ ಸೊರಗುತ್ತೆ. ಬಿಸಿ ಸುಳಿಯ ಮೇಲೆ ಹಾದರೆ ಆ ತಣ್ಣೀರು ಸಿಗೋದು ಕಷ್ಟ, ಬಲ ಉಳಿಯುತ್ತೆ.

ಕಡಲಿನ ಬಿಸಿಗೂ ನಮ್ಮ ಹೊಲಕ್ಕೂ ಏನು ಸಂಬಂಧ ಅಂತ 2023 ತೋರಿಸಿತು. ಜೂನ್ 6ರಂದು ಹುಟ್ಟಿದ ಬಿಪರ್‌ಜಾಯ್ ಚಂಡಮಾರುತ ಬೆಚ್ಚಗಿನ ಅರಬ್ಬಿ ಸಮುದ್ರದ ಮೇಲೆ ಹತ್ತು ದಿನದ ಹತ್ತಿರ ಉಳಿದು, 15ರಂದು ಗುಜರಾತಿನ ಜಖೌ ಬಳಿ ದಡ ಸೇರಿತು. ತೇವವನ್ನೆಲ್ಲ ಅದು ತನ್ನತ್ತ ಎಳೆದುಕೊಳ್ಳುವಾಗ, 8ರಂದು ಕೇರಳಕ್ಕೆ ಬಂದಿದ್ದ ಮುಂಗಾರು ಮುಂದೆ ಬರಲು ತಡಮಾಡಿತು. ಮೃಗಶಿರಾ ಮಳೆಗೆ ಮೆಕ್ಕೆಜೋಳ ಬಿತ್ತಬೇಕಾದ ನಾಡು ಆಕಾಶ ನೋಡುತ್ತ ಕೂತಿತು. ಆ ವರ್ಷದ ಬರಕ್ಕೆ ಇದೊಂದೇ ಕಾರಣ ಅನ್ನೋಕಾಗಲ್ಲ, ಎಲ್ ನಿನೋ ಕೂಡ ಇತ್ತು. ಆದರೆ ಕಡಲು ದೂರ, ನಮಗ್ಯಾಕೆ ಅನ್ನೋ ಮಾತಿಗೆ ಅರ್ಥ ಉಳಿದಿಲ್ಲ.

ಬಿಸಿ ಸುಳಿಯ ನಡುವೆ ಸಮುದ್ರ ಕೆಲವು ಸೆಂಟಿಮೀಟರ್ ಉಬ್ಬಿರುತ್ತೆ. ಅದನ್ನು ಉಪಗ್ರಹ ಅಳೆಯುತ್ತೆ. 2013ರಲ್ಲಿ ಇಸ್ರೋ, ಫ್ರಾನ್ಸ್ ಜೊತೆ ಸೇರಿ ಸರಳ್ ಉಪಗ್ರಹ ಹಾರಿಸಿದ್ದು ಇದಕ್ಕೇ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕಡಲಿನ ಮಾಹಿತಿಯನ್ನು ಜಾಲತಾಣದಲ್ಲೇ ಹಾಕುತ್ತೆ. ಪ್ರತಿ ಬ್ಯಾಚಲ್ಲೂ ಮಣ್ಣಿನ ತೇವ ಅಳೆಯೋ ಸೆನ್ಸರ್ ಪ್ರಾಜೆಕ್ಟ್ ಮಾಡ್ತೀವಿ. ಈ ಸಲ ಒಂದು ತಂಡವಾದರೂ ಕಡಲಿನ ಎತ್ತರವನ್ನೂ ನಮ್ಮ ತಾಲ್ಲೂಕಿನ ಮಳೆಯನ್ನೂ ಪಕ್ಕಪಕ್ಕ ಇಟ್ಟು ನೋಡಲಿ, ಕಂಡಿದ್ದನ್ನು ಕನ್ನಡದಲ್ಲಿ ಬರೀಲಿ. ಮಣ್ಣಿಗೆ ಬಿದ್ದ ಬೀಜವನ್ನು ವಾಪಸ್ ಚೀಲಕ್ಕೆ ತುಂಬೋಕಾಗಲ್ಲ. ಬಿತ್ತೋಕೆ ಮುಂಚೆ ಕೇಳೋ ಪ್ರಶ್ನೆಗೆ ನಾವು ಮೋಡದ ಚಿತ್ರಕ್ಕಿಂತ ಹೆಚ್ಚಿನದೇನಾದರೂ ಕೊಡಬೇಕು.