ಲೇತ್ ಮಷಿನ್ನಿಗೂ ಒಂದು ಜಾಗ ಬರೆದಿಡಿ

ನಾನು ನಾಟಕಗಳಿಗೆ ರಂಗಸಜ್ಜಿಕೆ ಮಾಡುವವಳು. ಎತ್ತರದ ಸೂರು, ಕಬ್ಬಿಣದ ಟ್ರಸ್ಸು, ಮೇಲಿಂದ ಬೆಳಕು ಬೀಳುವ ಗಾಜಿನ ಕಿಂಡಿ ಇರುವ ಹಳೇ ಫ್ಯಾಕ್ಟರಿ ಶೆಡ್ ಕಂಡರೆ ಬಾಯಲ್ಲಿ ನೀರೂರುವ ಜಾತಿ. ಊರ ನಡುವೆ ಉಳಿದಿರುವ ಕೈಗಾರಿಕಾ ಪ್ರದೇಶಗಳನ್ನು ಸ್ಟುಡಿಯೋ, ಗ್ಯಾಲರಿ, ಕೆಫೆ, ಆಫೀಸು, ಮನೆ ಎಲ್ಲ ಕಲೆತ ಬಡಾವಣೆ ಮಾಡೋಣ ಎಂದು ಯಾರಾದರೂ ನಕ್ಷೆ ಬಿಚ್ಚಿದರೆ ಮೊದಲು ಚಪ್ಪಾಳೆ ತಟ್ಟಬೇಕಾದವಳು ನಾನೇ. ಆದರೆ ಕೈ ಏಳುತ್ತಿಲ್ಲ. ಅಂಥ ನಕ್ಷೆಗಳಲ್ಲಿ ಗೋಡೆ ತುಂಬ ಚಿತ್ರ ಇರುತ್ತದೆ, ಲ್ಯಾಪ್‌ಟಾಪ್ ಹಿಡಿದ ಹುಡುಗಿ ಇರುತ್ತಾಳೆ, ಸೈಕಲ್ ಇರುತ್ತದೆ, ಒಂದು ನಾಯಿಮರಿಯೂ ಇರುತ್ತದೆ. ಲೇತ್ ಮಷಿನ್ ಮಾತ್ರ ಇರುವುದಿಲ್ಲ.

ಬೆಂಗಳೂರಿನಲ್ಲಿ ಈ ಮಾತಾಡುವಾಗ ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಚೀಲಕ್ಕೆ ತುಂಬುತ್ತೇವೆ. ಒಂದು, ಬೀಗ ಬಿದ್ದ ಕಾರ್ಖಾನೆಯ ಜಾಗ. ಇನ್ನೊಂದು, ಇವತ್ತಿಗೂ ಸದ್ದು ಮಾಡುತ್ತಿರುವ ಇಂಡಸ್ಟ್ರಿಯಲ್ ಎಸ್ಟೇಟು. ಮೊದಲನೆಯದರ ಬಗ್ಗೆ ನನ್ನ ತಕರಾರು ಕಡಿಮೆ. ಮಲ್ಲೇಶ್ವರದ ರಾಜಾ ಮಿಲ್ ಇದ್ದಲ್ಲಿ 2010ರಲ್ಲಿ ಮಂತ್ರಿ ಮಾಲ್ ಎದ್ದಿತು. ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆಯ ಜಾಗದಲ್ಲಿ ಒರಾಯನ್ ಮಾಲ್ ಬಂತು. 1936ರಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಶುರುವಾದ ಮೈಸೂರ್ ಲ್ಯಾಂಪ್ಸ್ ಬಾಗಿಲು ಹಾಕಿ ಎರಡು ದಶಕವಾಯಿತು. ಅಲ್ಲಿ ಬೆಂಗಳೂರಿನ ಚರಿತ್ರೆ, ಸಂಸ್ಕೃತಿ ತೋರಿಸುವ ತಾಣ ಮಾಡುವ ಯೋಜನೆಯನ್ನು ಸರ್ಕಾರ ಹಾಕಿಕೊಂಡಿದೆ. ಜರ್ಮನಿಯ ಎಇಜಿ ಕಂಪನಿಯ ಸಹಯೋಗದಲ್ಲಿ ಬೆಳೆದ ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಜಾಗಕ್ಕೆ ವೃಕ್ಷೋದ್ಯಾನದ ಯೋಜನೆ ಬಂದಿದೆ. ಆಗಲಿ. ಅಲ್ಲಿಂದ ಎದ್ದು ಹೋಗಬೇಕಾದವರು ಈಗ ಯಾರೂ ಉಳಿದಿಲ್ಲ. ಹೋಗಬೇಕಾದವರು ಎಂದೋ ಹೋಗಿಯಾಗಿದೆ.

ಮಾಗಡಿ ರಸ್ತೆಯ ಮಿನರ್ವ ಮಿಲ್ಲನ್ನು ನೋಡಿ. ಸಂವಿಧಾನದ ಮೂಲ ಸ್ವರೂಪವನ್ನು ಎತ್ತಿಹಿಡಿದ 1980ರ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ ದೇಶದ ಪ್ರತಿಯೊಬ್ಬ ಕಾನೂನು ವಿದ್ಯಾರ್ಥಿಗೂ ಆ ಹೆಸರು ಬಾಯಿಪಾಠ. ಗಾಂಧಿನಗರದವರಿಗೆ ಅದು ಶೂಟಿಂಗ್ ಜಾಗ. ಮಿಲ್ಲಿನ ಗೋಡೆಗಳ ಮಧ್ಯೆ ಎಷ್ಟು ಮಾರ್ಕೆಟ್ಟು, ಎಷ್ಟು ಪೊಲೀಸ್ ಠಾಣೆ, ಎಷ್ಟು ಕ್ಲೈಮ್ಯಾಕ್ಸ್ ಹೊಡೆದಾಟದ ಸೆಟ್ ಎದ್ದು ಬಿದ್ದಿವೆಯೋ ಲೆಕ್ಕ ಇಟ್ಟವರಿಲ್ಲ. ಅದನ್ನು 'ಕ್ರಿಯೇಟಿವ್ ಡಿಸ್ಟ್ರಿಕ್ಟ್' ಮಾಡಿ ಎಂದು ಯಾವ ಕನ್ಸಲ್ಟೆಂಟೂ ವರದಿ ಕೊಟ್ಟಿರಲಿಲ್ಲ.

ನನ್ನ ಆತಂಕ ಎರಡನೆಯದರ ಬಗ್ಗೆ. ರಾಜಾಜಿನಗರ ಹುಟ್ಟಿದ್ದೇ ಕೈಗಾರಿಕಾ ಉಪನಗರವಾಗಿ. ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರು 1949ರಲ್ಲಿ ಅದಕ್ಕೆ ಚಾಲನೆ ಕೊಟ್ಟರು, ಹೆಸರೂ ಅವರದೇ ನಿಂತಿತು. ಅಲ್ಲಿನ ಎಸ್ಟೇಟಿನ ಒಳರಸ್ತೆಗಳಲ್ಲಿ ಈಗಲೂ ಬೆಳಿಗ್ಗೆ ಒಂಬತ್ತೂವರೆಗೆ ಶಟರ್ ಏಳುತ್ತವೆ. ಟರ್ನಿಂಗ್, ಮಿಲ್ಲಿಂಗ್, ಪ್ರೆಸ್ ಕೆಲಸ, ಸ್ಪ್ರಿಂಗ್ ಸುತ್ತುವವರು, ರಬ್ಬರ್ ಮೋಲ್ಡಿಂಗ್, ಪ್ಲೇಟಿಂಗ್, ಆರ್ಗಾನ್ ವೆಲ್ಡಿಂಗ್. ನಡುನಡುವೆ ಒಂದೊಂದು ಶೆಡ್ ಜಿಮ್ ಆಗಿದೆ, ಒಂದು ಟೈಲ್ಸ್ ಶೋರೂಂ ಆಗಿದೆ. ಸುತ್ತಲಿನ ಸೈಟಿನ ಬೆಲೆ ನೋಡಿದರೆ ಉಳಿದವು ಯಾಕೆ ಇನ್ನೂ ಆಗಿಲ್ಲ ಎನ್ನುವುದೇ ಆಶ್ಚರ್ಯ.

ನನಗೆ ಆ ರಸ್ತೆಗಳು ಯಾಕೆ ಬೇಕು? ಒಮ್ಮೆ ಒಂದು ನಾಟಕಕ್ಕೆ ಹದಿನಾರಡಿ ಅಗಲದ ತಿರುಗುವ ವೇದಿಕೆ ಮಾಡಿಸಿದ್ದೆ. ನಡುವೆ ಪಿವಟ್, ಸುತ್ತ ಗಾಲಿ. ತಾಲೀಮಿನಲ್ಲಿ ಚೆನ್ನಾಗಿಯೇ ತಿರುಗುತ್ತಿತ್ತು. ಆದರೆ ತಾಯಿ ಮಗನ ಹೆಣದ ಮುಂದೆ ಸುಮ್ಮನೆ ಕೂರುವ ದೃಶ್ಯದಲ್ಲೇ ಅದಕ್ಕೆ ಕಿರುಗುಟ್ಟುವ ಚಟ. ಪಿವಟ್ ಬಿಚ್ಚಿ ಆಟೋದಲ್ಲಿ ಹಾಕಿಕೊಂಡು ಎಸ್ಟೇಟಿಗೆ ಹೋದೆ. ಅಲ್ಲಿನ ಟರ್ನರ್ ಅಣ್ಣ ಬುಷ್ಷನ್ನು ಟ್ಯೂಬ್‌ಲೈಟಿಗೆ ಹಿಡಿದು, ಒಳಗೆ ಕಿರುಬೆರಳು ಆಡಿಸಿ, "ಶಾಫ್ಟ್‌ದೇನೂ ತಪ್ಪಿಲ್ಲ ಮೇಡಂ, ಬುಷ್ ಓವಲ್ ಆಗೋಗಿದೆ. ಎಂಎಸ್ ಬೇಡ, ಗನ್‌ಮೆಟಲ್ ಹಾಕಣ" ಅಂದರು. ಚಕ್‌ಗೆ ಹೊಸ ತುಂಡು ಕಚ್ಚಿಸಿದರು. ಹಳದಿ ಸಿಪ್ಪೆ ಸುರುಳಿಯಾಗದೆ ಪುಡಿಪುಡಿಯಾಗಿ ತಟ್ಟೆಗೆ ಬೀಳುತ್ತಿತ್ತು. ಮೈಕ್ರೋಮೀಟರ್ ಹಿಡಿದು ಅಳೆದರು, ಮತ್ತೆ ಒಂದು ಕಟ್ ತೆಗೆದರು. "ಎರಡು ಥೌ ಜಾಸ್ತಿ ಬಿಡ್ತೀನಿ, ಗ್ರೀಸ್ ಕುಡಿಬೇಕಲ್ಲ." ಕೀ ಕೂರುವ ಗಾಡಿ ಕೊರೆಸಲು ರಸ್ತೆಯಾಚೆ ಸ್ಲಾಟಿಂಗ್ ಮಷಿನ್ ಇರುವವರ ಹತ್ತಿರ ಹುಡುಗನನ್ನು ಓಡಿಸಿದರು. ಅಷ್ಟರಲ್ಲಿ ಹಿಂದಿನ ರಸ್ತೆಯಲ್ಲಿ ನನ್ನ ಪೈಪ್ ಫ್ರೇಮಿಗೆ ಪೌಡರ್ ಕೋಟಿಂಗ್ ಮುಗಿದು ಓವನ್‌ನಿಂದ ಹೊರಬಂದಿತ್ತು. ಊಟದ ಹೊತ್ತಿಗೆ ಎಲ್ಲ ಆಟೋದೊಳಗೆ. ಸಂಜೆ ತಾಯಿ ಸುಮ್ಮನೆ ಕೂತಳು, ವೇದಿಕೆಯೂ ಸುಮ್ಮನೆ ತಿರುಗಿತು.

ಈ ಕೆಲಸವಾದದ್ದು ಒಬ್ಬ ಜಾಣನಿಂದಲ್ಲ. ಮೂರು ಜನ ಕೂಗಳತೆಯಲ್ಲಿ ಇದ್ದುದರಿಂದ. ಒಬ್ಬರ ಹತ್ತಿರ ಲೇತ್, ಇನ್ನೊಬ್ಬರ ಹತ್ತಿರ ಸ್ಲಾಟಿಂಗ್, ಮತ್ತೊಬ್ಬರ ಹತ್ತಿರ ಓವನ್. ಯಾರೂ ಎಲ್ಲ ಮಷಿನ್ನನ್ನೂ ಇಟ್ಟುಕೊಂಡಿಲ್ಲ, ಇಟ್ಟುಕೊಳ್ಳುವ ಶಕ್ತಿಯೂ ಇಲ್ಲ. ಸ್ಲಾಟಿಂಗಿನವರನ್ನು ನೆಲಮಂಗಲಕ್ಕೂ ಓವನ್ನಿನವರನ್ನು ಬಿಡದಿಗೂ ಸಾಗಹಾಕಿದರೆ ನನ್ನ ಅರ್ಧ ದಿನದ ಕೆಲಸ ಒಂದು ವಾರ ಹಿಡಿಯುತ್ತದೆ. ನನ್ನಂಥವರು ಮಾತ್ರವಲ್ಲ, ಆಸ್ಪತ್ರೆಯ ಮಂಚ ರಿಪೇರಿ ಮಾಡುವವರು, ಡ್ರೋನ್ ಕಟ್ಟುವ ಇಂಜಿನಿಯರಿಂಗ್ ಹುಡುಗರು, ಶಿಲ್ಪಿಗಳು, ದೇವಸ್ಥಾನದ ರಥಕ್ಕೆ ಅಚ್ಚು ಮಾಡಿಸುವವರು, ಎಲ್ಲರೂ ಈ ಕೂಗಳತೆಯ ಫಲಾನುಭವಿಗಳು.

ಈಗ ಇಂಥ ಜಾಗಕ್ಕೆ 'ಮಿಶ್ರ ಬಳಕೆ' ಬಂತು ಅನ್ನಿ. ಮೇಲೆ ಫ್ಲ್ಯಾಟು, ಕೆಳಗೆ ಅಂಗಡಿ, ಪಕ್ಕದಲ್ಲಿ ವರ್ಕ್‌ಶಾಪು. ಕೇಳಲು ಚೆಂದ. ಆದರೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳನ್ನು ಒಮ್ಮೆ ತೆರೆದು ನೋಡಿ. ಕೈಗಾರಿಕಾ ಪ್ರದೇಶದಲ್ಲಿ ಹಗಲು 75 ಡೆಸಿಬಲ್, ರಾತ್ರಿ 70. ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55. ವಸತಿ ಪ್ರದೇಶಕ್ಕೆ 55 ಮತ್ತು 45. ಮಿಶ್ರ ಪ್ರದೇಶಕ್ಕೆ ಪ್ರತ್ಯೇಕ ಮಿತಿ ಇಲ್ಲ. ಇರುವ ನಾಲ್ಕು ವರ್ಗಗಳಲ್ಲಿ ಒಂದಕ್ಕೆ ಅದನ್ನು ಸೇರಿಸುವುದು ಅಧಿಕಾರಿಗೆ ಬಿಟ್ಟದ್ದು. 75ಕ್ಕೂ 55ಕ್ಕೂ ಇಪ್ಪತ್ತೇ ಡೆಸಿಬಲ್ ವ್ಯತ್ಯಾಸ ಅನಿಸಬಹುದು, ಆದರೆ ಡೆಸಿಬಲ್ ಲೆಕ್ಕದಲ್ಲಿ ಇಪ್ಪತ್ತು ಇಳಿಸುವುದೆಂದರೆ ಸದ್ದಿನ ಶಕ್ತಿಯನ್ನು ನೂರರಲ್ಲಿ ಒಂದು ಪಾಲಿಗೆ ತರುವುದು. ಪವರ್ ಪ್ರೆಸ್ಸಿಗೆ ಅದು ಸಾಧ್ಯವೇ? ಮೂವತ್ತು ವರ್ಷದಿಂದ ಕಾನೂನುಬದ್ಧವಾಗಿ ದುಡಿಯುತ್ತಿದ್ದವನು ಒಂದು ಆದೇಶ ಬಂದ ಮರುದಿನ ತಪ್ಪಿತಸ್ಥ. ಮೂರನೇ ಮಹಡಿಯ ಬಾಲ್ಕನಿಯಿಂದ ಒಂದು ಫೋನು ಹೋದರೆ ಸಾಕು, ಬೀಟ್ ಪೊಲೀಸ್ ಬೈಕು ಬಂದು ನಿಲ್ಲುತ್ತದೆ. ಎತ್ತಂಗಡಿ ಮಾಡಲು ಬುಲ್ಡೋಜರ್ ಬೇಕಾಗಿಲ್ಲ.

ಇದಕ್ಕೆ ಮದ್ದು ಇದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2014ರಲ್ಲಿ ಸಂಗೀತದ ಜಾಗಗಳನ್ನು ಉಳಿಸಲು ತಂದ ಕ್ರಮ, ಇಂಗ್ಲೆಂಡಿನ ಯೋಜನಾ ನೀತಿ 2018ರಲ್ಲಿ ಇತರ ಉದ್ಯಮಗಳಿಗೂ ಅನ್ವಯಿಸುವಂತೆ ಬರೆದುಕೊಂಡ ಕ್ರಮ, ಎರಡರ ತಿರುಳೂ ಒಂದೇ: ಆಮೇಲೆ ಬಂದವನೇ ಹೊಂದಿಕೊಳ್ಳಬೇಕು. ಸದ್ದಿನ ಪಕ್ಕ ಮನೆ ಕಟ್ಟುವ ಬಿಲ್ಡರೇ ದಪ್ಪ ಗೋಡೆ, ಎರಡು ಪದರ ಗಾಜಿನ ಕಿಟಕಿ ಹಾಕಿಸಬೇಕು. ಮೊದಲೇ ಇದ್ದವನಿಗೆ ಬಾಯಿ ಮುಚ್ಚಿಕೋ ಅನ್ನುವಂತಿಲ್ಲ. ನಮ್ಮ ಕಟ್ಟಡ ಪರವಾನಗಿಗೆ ಇಂಥದೊಂದು ಷರತ್ತು ಸೇರಿಸಲು ಖಜಾನೆಯಿಂದ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ.

ಹೊರಗಿನ ಉದಾಹರಣೆ ಅಂದಾಗೆಲ್ಲ ಬಾರ್ಸಿಲೋನಾ ಹೆಸರು ಬರುತ್ತದೆ. ಅಲ್ಲಿನ ಪೊಬ್ಲೆನೌ ಎಂಬ ಹಳೇ ಗಿರಣಿ ಬಡಾವಣೆಯ ಸುಮಾರು 200 ಹೆಕ್ಟೇರ್ ಜಾಗವನ್ನು '22@' ಹೆಸರಿನಲ್ಲಿ 2000ದಿಂದ ಬದಲಿಸಿದರು. ಜಾಣತನ ಏನೆಂದರೆ, ಮಾಲೀಕನಿಗೆ ಹೆಚ್ಚು ಎತ್ತರ ಕಟ್ಟಲು ಬಿಟ್ಟು, ಪ್ರತಿಯಾಗಿ ಶೇ 30ರಷ್ಟು ಜಾಗವನ್ನು ಸಾರ್ವಜನಿಕ ಸೌಲಭ್ಯ, ಸರ್ಕಾರಿ ವಸತಿ, ಹಸಿರಿಗಾಗಿ ವಾಪಸ್ ಪಡೆದದ್ದು. ನಮ್ಮಲ್ಲಿ ಎಫ್‌ಎಆರ್, ಅಂದರೆ ಸೈಟಿನಲ್ಲಿ ಇಷ್ಟು ಕಟ್ಟಬಹುದೆಂಬ ಮಿತಿಯನ್ನು ಹೆಚ್ಚಿಸುತ್ತೇವೆ, ವಾಪಸ್ ಪಡೆಯುವುದನ್ನು ಮರೆಯುತ್ತೇವೆ. ಆದರೆ ಅದೇ ಪೊಬ್ಲೆನೌದಲ್ಲಿ ಕಾನ್ ರಿಕಾರ್ಟ್ ಎಂಬ 19ನೇ ಶತಮಾನದ ಕಾರ್ಖಾನೆ ಆವರಣವಿತ್ತು. ಸಣ್ಣ ಸಣ್ಣ ವರ್ಕ್‌ಶಾಪುಗಳೂ ಕಲಾವಿದರೂ ಅಕ್ಕಪಕ್ಕ ಇದ್ದ ಜಾಗ, ಅಂದರೆ ಯೋಜನೆಯ ಪುಸ್ತಕದಲ್ಲಿ ಬರೆದಿದ್ದ ಕನಸು ಆಗಲೇ ನನಸಾಗಿದ್ದ ಜಾಗ. ಬೀದಿಗಿಳಿದು ಪ್ರತಿಭಟಿಸಿದರೂ ವರ್ಕ್‌ಶಾಪಿನವರು ಹೊರಬಿದ್ದರು. ಹಂಗಾರ್ ಎಂಬ ಕಲಾಕೇಂದ್ರ ಉಳಿಯಿತು. ನಮ್ಮ ಕಲಾವಿದರು ಇಲ್ಲಿ ಸ್ವಲ್ಪ ಮುಜುಗರಪಡಬೇಕು. ಕೊನೆಗೆ ಉಳಿಯುವವರು ನಾವೇ, ಏಕೆಂದರೆ ನಕ್ಷೆಯಲ್ಲಿ ಅಂದವಾಗಿ ಕಾಣುವವರು ನಾವು.

ಮುಂಬೈಯದು ಎಲ್ಲರಿಗೂ ಗೊತ್ತಿರುವ ಕಥೆ. ಮುಚ್ಚಿದ ಗಿರಣಿ ಜಾಗದಲ್ಲಿ ಊರಿಗೊಂದು ಪಾಲು, ವಸತಿಗೊಂದು ಪಾಲು, ಮಾಲೀಕರಿಗೊಂದು ಪಾಲು ಎಂದು 1991ರಲ್ಲಿ ನಿಯಮ ಬಂತು. 2001ರಲ್ಲಿ ಒಂದು ತಿದ್ದುಪಡಿ ಬಂದು ಹಂಚಿಕೆ ಖಾಲಿ ನೆಲಕ್ಕಷ್ಟೇ ಎಂದಾಯಿತು. ಕಟ್ಟಡ ನಿಂತಿದ್ದ ನೆಲವೆಲ್ಲ ಲೆಕ್ಕದಿಂದ ಜಾರಿತು. ಗಿರಣಿ ಹೋಗಿ ಪಬ್ಬು, ಮಾಧ್ಯಮ ಕಚೇರಿಗಳಿಂದ ಕಿಕ್ಕಿರಿದ ಕಮಲಾ ಮಿಲ್ಸ್‌ನಲ್ಲಿ 2017ರ ಡಿಸೆಂಬರ್‌ನಲ್ಲಿ ಬೆಂಕಿ ಬಿದ್ದು ಹದಿನಾಲ್ಕು ಜನ ಸತ್ತರು.

ಹಾಗಾದರೆ ನನಗೆ ಬೇಕಾದ್ದೇನು? ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಗ್ರೀನ್‌ಪಾಯಿಂಟ್ ಮ್ಯಾನುಫ್ಯಾಕ್ಚರಿಂಗ್ ಅಂಡ್ ಡಿಸೈನ್ ಸೆಂಟರ್ ಎಂಬ ಲಾಭರಹಿತ ಸಂಸ್ಥೆ 1992ರಿಂದ ಹಳೇ ಕಾರ್ಖಾನೆ ಕಟ್ಟಡಗಳನ್ನು ನೋಡಿಕೊಳ್ಳುತ್ತಿದೆ. ಬಡಗಿ, ಲೋಹದ ಕೆಲಸದವರು, ಕುಶಲಕರ್ಮಿಗಳಂಥವರಿಗೆ ಬಾಡಿಗೆ. ಕಟ್ಟಡದ ಯಜಮಾನಿಕೆ ಮಾರುಕಟ್ಟೆಗೆ ಹೊರತಾದವರ ಕೈಯಲ್ಲಿದ್ದರೆ ಮಾತ್ರ ಇದು ನಡೆಯುತ್ತದೆ. ನಮ್ಮಲ್ಲಿ ಆ ಪಾತ್ರಕ್ಕೆ ಹೊಸ ಸಂಸ್ಥೆ ಕಟ್ಟಬೇಕಾಗಿಲ್ಲ. ಸಣ್ಣ ಕೈಗಾರಿಕೆಗಳಿಗೆ ಶೆಡ್ ಕಟ್ಟಿಕೊಡಲೆಂದೇ 1960ರಲ್ಲಿ ಹುಟ್ಟಿದ ಕೆಎಸ್‌ಎಸ್‌ಐಡಿಸಿ ಎಂಬ ಸರ್ಕಾರಿ ನಿಗಮ ಇದೆ. ಎಸ್ಟೇಟಿನಲ್ಲಿ ಯಾರೇ ಎತ್ತರದ ಕಟ್ಟಡ ಎಬ್ಬಿಸಿದರೂ ನೆಲಮಹಡಿಯ ಒಂದು ಪಾಲನ್ನು ನಿಗಮಕ್ಕೆ ಬರೆದುಕೊಡಲಿ, ನಿಗಮ ಅದನ್ನು ಜಾಬ್ ವರ್ಕ್ ಮಾಡುವವರಿಗೆ ಬಾಡಿಗೆಗೆ ಕೊಡಲಿ. ನೆಲಮಹಡಿಯೇ ಯಾಕೆಂದರೆ ಟನ್‌ಗಟ್ಟಲೆ ತೂಗುವ ಮಷಿನ್ ಏಳನೇ ಮಹಡಿಗೆ ಹತ್ತುವುದಿಲ್ಲ, ಹತ್ತಿದರೂ ಅದರ ನಡುಕವನ್ನು ಕಟ್ಟಡ ಸಹಿಸುವುದಿಲ್ಲ. ಹಗುರ ಕೆಲಸಕ್ಕೆ ಮೇಲಿನ ಮಹಡಿ ಆದೀತು. ಸಿಂಗಪುರದವರು ಸರಕು ಲಿಫ್ಟ್ ಇಟ್ಟು ಬಹುಮಹಡಿ ಕಾರ್ಖಾನೆಗಳನ್ನು ದಶಕಗಳಿಂದ ನಡೆಸುತ್ತಿದ್ದಾರೆ. ತ್ರೀ ಫೇಸ್ ಕರೆಂಟು, ಲಾರಿ ತಿರುಗುವಷ್ಟು ರಸ್ತೆ, ಇವೆರಡನ್ನು ನಕ್ಷೆ ಬರೆಯುವವರು ಮೊದಲ ಗೆರೆ ಎಳೆಯುವಾಗಲೇ ಕೇಳಿಕೊಳ್ಳಬೇಕು.

ಇದೆಲ್ಲಕ್ಕೂ ಮೊದಲು ಒಂದು ಎಣಿಕೆ ಆಗಬೇಕು. ಶೆಡ್ ಪಡೆದ ಮೂಲ ಮಾಲೀಕರಲ್ಲಿ ಅನೇಕರು ಈಗ ಮಷಿನ್ ಮುಟ್ಟುವವರಲ್ಲ. ಮಕ್ಕಳು ಅಮೆರಿಕದಲ್ಲಿದ್ದಾರೆ, ಶೆಡ್ಡನ್ನು ಎರಡು ಮೂರು ಭಾಗ ಮಾಡಿ ಬಾಡಿಗೆಗೆ ಬಿಟ್ಟಿದ್ದಾರೆ. ಭೂಬಳಕೆ ಬದಲಾದರೆ ಲಾಭ ಮಾಲೀಕರಿಗೆ, ಸಿಗಲೂಬೇಕು. ಕೆಲಸ ಮಾಡುತ್ತಿರುವ ಬಾಡಿಗೆದಾರನ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಬೆಸ್ಕಾಂನಲ್ಲಿ ಎಲ್‌ಟಿ-5 ವರ್ಗದ ಮೀಟರ್‌ಗಳ ದಾಖಲೆ ತೆಗೆದರೆ ಎಲ್ಲೆಲ್ಲಿ ಮೋಟಾರ್ ಓಡುತ್ತಿದೆ ಎಂಬುದು ಸಿಗುತ್ತದೆ, ಆದರೆ ಮೀಟರ್ ಇರುವುದು ಓನರ್ ಹೆಸರಿನಲ್ಲಿ, ಬಿಲ್ ಕಟ್ಟುವವನು ಬೇರೆ. ಆದ್ದರಿಂದ ಯಾರಾದರೂ ಶೆಡ್ ಶೆಡ್‌ಗೂ ಹೋಗಿ ಕೇಳಿ ಬರೆದುಕೊಳ್ಳಬೇಕು: ಯಾರು, ಯಾವ ಮಷಿನ್, ಎಷ್ಟು ಜನ, ಕೆಲಸ ಎಲ್ಲಿಂದ ಬರುತ್ತದೆ, ಮುಂದಿನ ಶೆಡ್‌ನವರ ಹತ್ತಿರ ಏನು ಮಾಡಿಸಿಕೊಳ್ಳುತ್ತಾರೆ. ಭಾನುವಾರ ಬಿಟ್ಟು ಯಾವ ದಿನ ಹೋದರೂ ಸಿಗುತ್ತಾರೆ. ಹನ್ನೊಂದು ಗಂಟೆಯ ಟೀ ಹೊತ್ತಿಗೆ ಹೋದರೆ ಇನ್ನೂ ಒಳ್ಳೆಯದು, ಮಷಿನ್ ನಿಲ್ಲಿಸಿರುತ್ತಾರೆ, ಮಾತು ಕೇಳಿಸುತ್ತದೆ.